ಸೂಲಗಿತ್ತಿ ನರಸಮ್ಮನವರು

(ಶ್ರೀಮಠದ ಮಹೋತ್ಸವದ ಮಾತೃಗೋಷ್ಠಿಯಲ್ಲಿ ನಡೆದ ಉಪನ್ಯಾಸ)

 

ಮನೆಯ ಹಿರಿಯಳೊಬ್ಬಳು ತೀರಿಕೊಂಡಾಗ ಬಂಧುಬಳಗದವರು ಕಲೆತು ಆಕೆಯ ಗುಣಗಳನ್ನು ನೆನೆಯುವುದು ಲೋಕರೂಢಿಯಾಗಿದೆ. ಎಷ್ಟು ಮಕ್ಕಳನ್ನು ಹೆತ್ತಳು, ಎಷ್ಟು ಮದುವೆಗಳನ್ನು ನಡೆಯಿಸಿದಳು, ಬರದ ವರುಷಗಳಲ್ಲಿ ಕಾಳುಕಡಿಯನ್ನು ಹೇಗೆ ಕಾಯ್ದುಕೊಂಡಳು, ಹೊಸದಾಗಿ ಹೊಸ್ತಿಲು ದಾಟಿ ಬಂದ ಸೊಸೆಯರಿಗೆ ಏನೇನು ಕಲಿಸಿದಳು ಎಂಬಿವೇ ಅಂತಹ ಹೊತ್ತಿನ ಮಾತುಗಳು. ಇಂದು ಸ್ಮರಿಸತಕ್ಕ ತಾಯಿಯೂ ಅಂಥದೇ ಒಂದು ಮನೆಯ ಹಿರಿಯಳು. ಹನ್ನೆರಡು ಮಕ್ಕಳನ್ನು ಹೆತ್ತು, ಅವರಲ್ಲಿ ನಾಲ್ವರನ್ನು ಎಳವೆಯಲ್ಲಿಯೇ ಕಳೆದುಕೊಂಡು, 36 ಮೊಮ್ಮಕ್ಕಳನ್ನು ಕಂಡು, 98 ವರುಷ ಬಾಳಿ, 2018ನೆಯ ಇಸವಿ ಡಿಸೆಂಬರ್ 25ರಂದು ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಕಣ್ಮುಚ್ಚಿದವರು ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ನರಸಮ್ಮನವರು. ಆದರೆ ಈ ಹಿರಿಯಳ ಬಳಗವನ್ನು ಎಣಿಸಹೊರಟರೆ ಒಂದು ಮನೆಯ ಒಳಗೆ ಅದು ಮುಗಿಯುವುದಿಲ್ಲ. ಎಪ್ಪತ್ತು ವರುಷಗಳಿಗೂ ಮಿಕ್ಕಿದ ಕಾಲದಲ್ಲಿ 15,000ಕ್ಕೂ ಹೆಚ್ಚು ಶಿಶುಗಳು ಈ ತಾಯಿಯ ಅಂಗೈಯಲ್ಲಿ ಮೊದಲ ಉಸಿರನ್ನು ಎಳೆದುಕೊಂಡುವು. ಅದಕ್ಕಾಗಿ ಅವರು ಯಾರಿಂದಲೂ ಪ್ರತಿಫಲವನ್ನು ಬೇಡಲಿಲ್ಲ.

ಮೊದಲು ಹೆಸರಿನ ವಿಚಾರ. ಜನರು ಅವರನ್ನು ಬರಿದೆ ನರಸಮ್ಮ ಎಂದು ಕರೆದುದು ಕಡಿಮೆ. ‘ಸೂಲಗಿತ್ತಿ’ ಎಂಬುದು ಹೆಸರಿನ ಮುಂದೆ ಬಿರುದಿನಂತೆ ಸೇರಿಹೋಗಿತ್ತು. ‘ಸೂಲ್’ ಎಂಬುದು ಬಸಿರು, ಹೆರಿಗೆ ಎಂಬ ಅರ್ಥಗಳುಳ್ಳ ಹಳೆಯ ದ್ರಾವಿಡ ಶಬ್ದ. ತಮಿಳಿನಲ್ಲಿಯೂ ಅದೇ ಅರ್ಥದಲ್ಲಿ ಉಂಟು. ‘ಗಿತ್ತಿ’ ಎಂಬುದು ಹೂವಾಡಗಿತ್ತಿ, ಅಗಸಗಿತ್ತಿ ಮುಂತಾದೆಡೆಗಳಲ್ಲಿ ಕಾಣುವ ಸ್ತ್ರೀವಾಚಕ ಪ್ರತ್ಯಯ. ಕಸುಬಿನಿಂದ ಹುಟ್ಟಿದ ಇಂತಹ ಹೆಸರುಗಳನ್ನು ನಾಗರಿಕರೆನಿಸಿಕೊಂಡವರು ಹಗುರವಾಗಿ ಉಚ್ಚರಿಸುವುದುಂಟು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ಹಡಪದ ಅಪ್ಪಣ್ಣ ಎಂದು ನಿತ್ಯವೂ ಸ್ಮರಣೆ ಮಾಡುವ ಸಮಾಜಕ್ಕೆ ಆ ಹಗುರತನವು ಸಲ್ಲದು. ಆ ಶರಣರಿಗೆ ಕಸುಬೇ ಹೆಸರಿನ ಅಂದವಾಗಿತ್ತು, ನರಸಮ್ಮನವರಿಗೂ ಹಾಗೆಯೇ.

ಅವರು ಹುಟ್ಟಿದುದು 1920ರಲ್ಲಿ. ಪಾವಗಡವು ಆಡಳಿತದಿಂದ ತುಮಕೂರಿಗೆ ಸೇರಿದ್ದರೂ ಮೂರು ಮಗ್ಗುಲಲ್ಲಿ ಆಂಧ್ರದ ನೆಲವೇ ಅದನ್ನು ಬಳಸಿಕೊಂಡಿದೆ. ಆದುದರಿಂದ ಅಲ್ಲಿ ತೆಲುಗು ಮನೆಮಾತಾದ ಕುಟುಂಬಗಳು ಬಹಳ. ನರಸಮ್ಮನವರ ಮನೆಮಾತೂ ತೆಲುಗೇ. ಬೋಳುಬಂಡೆಗಳ ಬೆಟ್ಟಗಳು, ಕಡಿಮೆ ಮಳೆ, ಫ್ಲೋರೈಡು ಬೆರೆತ ಅಂತರ್ಜಲ, ಮೇಲಿಂದ ಮೇಲೆ ಬರ, ಇವು ಆ ಸೀಮೆಯ ಹಣೆಬರಹ. ಮಳೆಗೆ ಎರವಾದ ಆ ಬಿಸಿಲಿನಿಂದಲೇ ಈಗ ತಿರುಮಣಿಯ ಸುತ್ತ ಸಾವಿರಾರು ಎಕರೆಗಳಲ್ಲಿ ವಿದ್ಯುತ್ತನ್ನು ತೆಗೆಯುವ ವ್ಯವಸ್ಥೆಯಾಗಿರುವುದು ಕಾಲದ ಒಂದು ವಿಚಿತ್ರ. ನರಸಮ್ಮನವರ ಬಾಲ್ಯಕ್ಕೆ ಅದೊಂದೂ ತಿಳಿಯದು. ಶಾಲೆಯ ಮೆಟ್ಟಿಲನ್ನು ಅವರು ಹತ್ತಲಿಲ್ಲ. ಹನ್ನೆರಡನೆಯ ವಯಸ್ಸಿಗೆ ಮದುವೆಯಾಯಿತು. ಇಂದಿನ ವಿವೇಕವು ಬಾಲ್ಯವಿವಾಹವನ್ನು ಒಪ್ಪುವುದಿಲ್ಲ, ಕಾನೂನೂ ಒಪ್ಪದು. ಅಂದು ಬಡವರ ಮನೆಯ ಹೆಣ್ಣುಮಕ್ಕಳ ಬಾಳು ಹಾಗೆಯೇ ತೊಡಗುತ್ತಿತ್ತು.

ಅಕ್ಷರವಿದ್ಯೆ ಇಲ್ಲದ ಈ ಬಾಲೆಗೆ ವಿದ್ಯಾಗುರುವಾದವರು ಯಾರು? ಅವರ ಅಜ್ಜಿ. ಆ ಅಜ್ಜಿಯೇ ಊರಿನ ಸೂಲಗಿತ್ತಿ. ನರಸಮ್ಮನವರ ಸ್ವಂತ ಹೆರಿಗೆಗಳಲ್ಲಿ ಐದನ್ನು ಆಕೆಯೇ ಮಾಡಿಸಿದರೆಂದು ಹೇಳಿಕೆಯುಂಟು. ಈ ಸಂಗತಿಯನ್ನು ಸ್ವಲ್ಪ ನಿಂತು ನೋಡುವುದು ಯುಕ್ತ. ಪಾಠಶಾಲೆಯಲ್ಲಿ ಗುರುವು ಶ್ಲೋಕವನ್ನು ಹೇಳುತ್ತಾನೆ, ಶಿಷ್ಯನು ಅದನ್ನು ತಿರುಗಿ ಹೇಳುತ್ತಾನೆ. ಹತ್ತು ಸಲ ತಪ್ಪಿದರೂ ಯಾರ ಪ್ರಾಣಕ್ಕೂ ಹಾನಿಯಿಲ್ಲ. ಆ ಮನೆಯ ಪಾಠವು ಬೇರೆ ಬಗೆಯದು. ಶಿಷ್ಯೆಯ ದೇಹವೇ ಅಲ್ಲಿ ಓಲೆಗರಿ. ಗುರುವಿನ ಕೈಯೇ ಕಂಠ. ನೋವು ಎಲ್ಲಿ ಹುಟ್ಟಿ ಎಲ್ಲಿಗೆ ಇಳಿಯುತ್ತದೆ, ಯಾವ ಹೊತ್ತಿನಲ್ಲಿ ಮುಕ್ಕಬೇಕು, ಯಾವ ಹೊತ್ತಿನಲ್ಲಿ ಉಸಿರನ್ನು ಸಡಿಲಬಿಡಬೇಕು, ಸೊಂಟವನ್ನು ಎಲ್ಲಿ ಒತ್ತಿದರೆ ಸಂಕಟವು ಇಳಿಯುತ್ತದೆ ಎಂಬುದನ್ನು ಅಜ್ಜಿಯು ಮೊಮ್ಮಗಳಿಗೆ ಬಾಯಿಯಿಂದ ಹೇಳಿದುದಕ್ಕಿಂತ ಕೈಯಿಂದ ಹೇಳಿದುದೇ ಹೆಚ್ಚಾಗಿರಬೇಕು. ಹೆತ್ತವಳು ತಾನೇ ಆಗಿದ್ದು ಕಲಿತ ವಿದ್ಯೆಯು ಮರೆಯುವಂಥದಲ್ಲ.

1940ರಲ್ಲಿ, ಇಪ್ಪತ್ತನೆಯ ವಯಸ್ಸಿನಲ್ಲಿ, ನರಸಮ್ಮನವರು ಮೊದಲ ಬಾರಿಗೆ ಇನ್ನೊಬ್ಬಳ ಹೆರಿಗೆಗೆ ಕೈಯೊಡ್ಡಿದರು. ಆ ಇನ್ನೊಬ್ಬಳು ಅವರ ಚಿಕ್ಕಮ್ಮನ ವರಸೆಯ ಬಂಧು. ಮನೆಯೊಳಗೇ ಕಲಿತ ವಿದ್ಯೆಯು ಮನೆಯೊಳಗೇ ಮೊದಲು ಪರೀಕ್ಷೆಗೆ ಬಂದಿತು. ಅಂದು ಆ ಕೈಗಳಿಗೆ ಬಂದ ಕೂಸು ಬದುಕಿದ್ದರೆ, ನರಸಮ್ಮನವರು ತೀರಿಕೊಂಡ ವರುಷದಲ್ಲಿ ಎಪ್ಪತ್ತೆಂಟು ದಾಟಿದ ಮುದುಕ ಅಥವಾ ಮುದುಕಿಯಾಗಿರಬೇಕು. ಇಷ್ಟು ದೀರ್ಘಕಾಲ ಒಂದೇ ಸೀಮೆಯಲ್ಲಿ ಈ ಕಾಯಕ ನಡೆಯಿತಾದುದರಿಂದ, ತಾವೇ ಎತ್ತಿಕೊಂಡ ಹೆಣ್ಣುಕೂಸು ಬೆಳೆದು ಬಸಿರಾಗಿ, ಆಕೆಯ ಕೂಸನ್ನೂ ತಾವೇ ಎತ್ತಿಕೊಳ್ಳುವ ಯೋಗವು ಅವರಿಗೆ ಹಲವು ಸಲ ಒದಗಿರಲಿಕ್ಕೆ ಸಾಕು. ತಲೆಮಾರುಗಳು ಹೀಗೆ ಒಂದೇ ಅಂಗೈಯ ಮೇಲೆ ಇಳಿದುಬಂದರೆ ಆ ಅಂಗೈಯವಳನ್ನು ಊರಿನ ಅಜ್ಜಿಯೆಂದು ಕರೆಯದೆ ಬೇರೇನೆಂದು ಕರೆಯುವುದು?

ವಿದ್ಯೆಯ ಇನ್ನೊಂದು ಮೂಲವನ್ನೂ ಹೇಳಬೇಕು. ಊರಿನಲ್ಲಿ ಆಗಾಗ ಬಂದು ಬೀಡುಬಿಡುತ್ತಿದ್ದ ಅಲೆಮಾರಿ ಜನರಿಂದ ಅವರು ಬೇರುನಾರುಗಳ ಔಷಧಿಯನ್ನು ಕಲಿತರು. ಬಸಿರಿಯರಿಗೆ ಬೇಕಾದ ಮದ್ದುಗಳನ್ನು ತಾವೇ ಅಣಿಮಾಡುತ್ತಿದ್ದರು. ಇಂದು ಬಂದು ನಾಳೆ ಹೋಗುವ ಜನ, ಮನೆಯೊಳಗೆ ಬಿಟ್ಟುಕೊಳ್ಳಲು ಅನೇಕರು ಹಿಂಜರಿಯುವ ಜನ. ಅವರ ಡೇರೆಯ ಮುಂದೆ ಕುಳಿತು ಪಾಠ ಹೇಳಿಸಿಕೊಳ್ಳುವ ವಿನಯವು ಪಂಡಿತರೆನಿಸಿಕೊಂಡ ಎಷ್ಟು ಮಂದಿಗೆ ಉಂಟು? ಹೊಟ್ಟೆಯ ಮೇಲೆ ಕೈಯಿಟ್ಟು ಗರ್ಭಸ್ಥ ಶಿಶುವಿನ ನಾಡಿಯನ್ನೂ ತಲೆಯ ನೆಲೆಯನ್ನೂ ಗರ್ಭಜಲದ ಸ್ಥಿತಿಯನ್ನೂ ಅವರು ತಿಳಿಯುತ್ತಿದ್ದರೆಂದು ಅವರ ವಿಷಯವಾಗಿ ಬರೆದವರು ಹೇಳಿದ್ದಾರೆ.

ಇಲ್ಲಿ ಆಯುರ್ವೇದದ ಎರಡು ಸ್ಥಳಗಳು ನೆನಪಿಗೆ ಬರುತ್ತವೆ. ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಸೂತಿಕಾಗೃಹದೊಳಗೆ ಎಂತಹ ಸ್ತ್ರೀಯರಿರಬೇಕೆಂಬ ವಿಚಾರ ಬಂದಿದೆ. ಅನೇಕ ಸಲ ಹೆತ್ತವರು, ಸೌಹಾರ್ದವುಳ್ಳವರು, ಸ್ವಭಾವದಿಂದಲೇ ವಾತ್ಸಲ್ಯವಂತರು, ಕಾರ್ಯಕುಶಲರು, ವಿಷಾದವನ್ನು ತೊರೆದವರು, ಕ್ಲೇಶವನ್ನು ಸಹಿಸಬಲ್ಲವರು, ಹೆರುವವಳಿಗೆ ಒಪ್ಪಿತವಾದವರು ಎಂಬುದು ಆಚಾರ್ಯನ ಅಭಿಪ್ರಾಯದ ಸಾರ. ಸುಶ್ರುತಸಂಹಿತೆಯ ಶಾರೀರಸ್ಥಾನವು ಹತ್ತನೆಯ ಅಧ್ಯಾಯದಲ್ಲಿ ಪಕ್ವವಯಸ್ಕರಾದ, ಪ್ರಸವಕಾರ್ಯದಲ್ಲಿ ನುರಿತ ನಾಲ್ವರು ಸ್ತ್ರೀಯರನ್ನು ವಿಧಿಸಿ, ಅವರು ಉಗುರನ್ನು ಕತ್ತರಿಸಿಕೊಂಡವರಾಗಿರಬೇಕೆಂದು ಸೇರಿಸುತ್ತದೆ. ಉಗುರಿನ ಸಂದಿಯಲ್ಲಿ ಕಣ್ಣಿಗೆ ಕಾಣದ ಕ್ರಿಮಿಗಳಿರುತ್ತವೆಂಬುದು ಆ ಕಾಲಕ್ಕೆ ತಿಳಿದಿರಲಿಲ್ಲ. ಆದರೂ ಉಗುರು ಕತ್ತರಿಸಿರಬೇಕೆಂಬ ಎಚ್ಚರ ಹುಟ್ಟಿತ್ತು. ಯೂರೋಪಿನ ದೊಡ್ಡ ನಗರವಾದ ವಿಯೆನ್ನದ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯನು 1847ರಲ್ಲಿ, ಹೆರಿಗೆ ಮಾಡಿಸುವ ವೈದ್ಯರು ಮೊದಲು ಕೈತೊಳೆದುಕೊಳ್ಳಬೇಕೆಂದು ಕಟ್ಟಳೆ ಮಾಡಿ ಬಾಣಂತಿಯರ ಸಾವನ್ನು ಬಹಳವಾಗಿ ಇಳಿಸಿದನು. ಆದರೆ ಅವನ ಸಮಕಾಲೀನರಲ್ಲಿ ಅನೇಕರು ಅವನ ಮಾತನ್ನು ಒಪ್ಪದೆ ಹೋದರು. ವಿದ್ಯೆಯುಳ್ಳವರೂ ಒಮ್ಮೊಮ್ಮೆ ಹೀಗೆ ಮಾಡುವುದುಂಟು.

ಚರಕಾಚಾರ್ಯನ ಆ ಪಟ್ಟಿಯನ್ನು ಕೈಯಲ್ಲಿ ಹಿಡಿದು ನರಸಮ್ಮನವರ ಬಾಳನ್ನು ನೋಡಿದರೆ, ಒಂದು ಲಕ್ಷಣವು ಎಲ್ಲಕ್ಕಿಂತ ಮುಂದಾಗಿ ಕಾಣುತ್ತದೆ: ವಿಷಾದವನ್ನು ತೊರೆದವಳು ಎಂಬುದು. ಹನ್ನೆರಡು ಸಲ ಹೆತ್ತವಳಿಗೆ ‘ಅನೇಕ ಸಲ ಹೆತ್ತವಳು’ ಎಂಬ ಲಕ್ಷಣ ಸಲ್ಲುವುದರಲ್ಲಿ ಆಶ್ಚರ್ಯವಿಲ್ಲ. ಹೆತ್ತವರಲ್ಲಿ ನಾಲ್ವರನ್ನು ಕಳೆದುಕೊಂಡ ತಾಯಿಯು ಇನ್ನೊಬ್ಬಳ ಕೂಸು ಹುಟ್ಟುವ ಹೊತ್ತಿಗೆ ನಗುಮುಖದಿಂದ ಹೋಗಿ ಕುಳಿತುಕೊಳ್ಳುವುದು ಆಶ್ಚರ್ಯ. ಮಕ್ಕಳನ್ನು ಕಳೆದುಕೊಂಡವರನ್ನು ಶುಭಕಾರ್ಯದಿಂದ ದೂರವಿಡುವ, ಅವರ ದೃಷ್ಟಿ ತಾಗೀತೆಂದು ತೊಟ್ಟಿಲಿಗೆ ಸೆರಗು ಮುಚ್ಚುವ ಕ್ರೂರವಾದ ನಂಬಿಕೆಗಳು ಹಳ್ಳಿಗಳಲ್ಲಿದ್ದುವು. ಇಂದಿಗೂ ಪೂರ್ತಿಯಾಗಿ ಹೋಗಿಲ್ಲ. ನರಸಮ್ಮನವರ ವಿಷಯದಲ್ಲಿ ಊರು ಅಂತಹ ನಂಬಿಕೆಯನ್ನು ಬದಿಗಿಟ್ಟು, ಎಲ್ಲರಿಗಿಂತ ಮೊದಲು ಅವರನ್ನೇ ಕರೆಯಿತು. ಸಾವಿನ ಗುರುತು ಬಲ್ಲ ಕೈಗಳಿಗೆ ಹುಟ್ಟನ್ನು ಒಪ್ಪಿಸಿಕೊಟ್ಟಿತು.

15,000 ಎಂಬ ಸಂಖ್ಯೆಯ ವಿಷಯವಾಗಿ ಒಂದು ಮಾತು. ಎಪ್ಪತ್ತು ವರುಷಗಳಿಗೆ ಹಂಚಿದರೆ ವರುಷಕ್ಕೆ ಇನ್ನೂರಕ್ಕಿಂತ ತುಸು ಹೆಚ್ಚು, ವಾರಕ್ಕೆ ನಾಲ್ಕು. ಅಕ್ಷರವರಿಯದ ತಾಯಿಯು ಕಡತವನ್ನು ಬರೆದಿಟ್ಟವರಲ್ಲ. ಆದುದರಿಂದ ಇದನ್ನು ಊರೂರುಗಳ ನೆನಪಿನ ಲೆಕ್ಕವೆಂದೇ ತಿಳಿಯಬೇಕು. ಸಂಖ್ಯೆಯಲ್ಲಿ ನೂರು ಹೆಚ್ಚೋ ಕಡಿಮೆಯೋ ಇದ್ದರೆ ಅದರಿಂದ ಆಗತಕ್ಕ ನಷ್ಟವೇನು? ವಾರಕ್ಕೆ ನಾಲ್ಕು ಸಲ, ಅದೂ ಹೆರಿಗೆಗೆ ಹಗಲು ಇರುಳೆಂಬ ನೇಮವಿಲ್ಲದಿರುವಾಗ, ತನ್ನ ಮನೆಯಲ್ಲಿ ಎಂಟು ಮಕ್ಕಳ ಹೊಟ್ಟೆಬಟ್ಟೆಗಳ ಚಿಂತೆಯಿರುವಾಗ, ಕರೆದವರ ಮನೆಗೆ ಎದ್ದು ಹೋಗುವುದೆಂದರೆ ಏನೆಂಬುದನ್ನು ಈ ಸಭೆಯಲ್ಲಿರುವ ತಾಯಂದಿರು ಯಾರ ವಿವರಣೆಯೂ ಇಲ್ಲದೆ ಬಲ್ಲರು. ಎಳೆಗೂಸನ್ನು ಯಾರ ಮಡಿಲಿಗೆ ಹಾಕಿ ಹೋದರೋ, ಒಲೆಯ ಮೇಲಿನ ಗಡಿಗೆಯನ್ನು ಯಾರು ಇಳಿಸಿದರೋ, ಅದು ಯಾವ ಪ್ರಶಸ್ತಿಪತ್ರದಲ್ಲಿಯೂ ಬರೆದಿರುವುದಿಲ್ಲ. ಮನೆಯ ಒಬ್ಬಳು ಹಿರಿಯಳು ಊರಿನ ಸೇವೆಗೆ ನಿಂತಾಗ ಆ ಮನೆಯ ಮಕ್ಕಳೂ ತಮ್ಮ ಪಾಲಿನ ತಾಯಿಯನ್ನು ಕೊಂಚ ಬಿಟ್ಟುಕೊಟ್ಟಿರುತ್ತಾರೆ. ಆ ಮಕ್ಕಳಿಗೂ ಒಂದು ನಮಸ್ಕಾರ ಸಲ್ಲಬೇಕು.

ಪ್ರತಿಫಲದ ವಿಚಾರಕ್ಕೆ ಬರೋಣ. ಹಳ್ಳಿಗಳಲ್ಲಿ ಸೂಲಗಿತ್ತಿಗೆ ಮೊರದ ತುಂಬ ಅಕ್ಕಿ ಅಥವಾ ರಾಗಿ, ಎಲೆಯಡಕೆ, ಉಳ್ಳವರಾದರೆ ಒಂದು ಸೀರೆ ಕೊಡುವ ವಾಡಿಕೆಯಿತ್ತು. ಬೇಡುವವಳ ಬಡತನವೂ ಕೊಡುವವಳ ಬಡತನವೂ ಒಂದೇ ಅಳತೆಯದಾಗಿದ್ದ ಸೀಮೆಯಲ್ಲಿ ಕೂಲಿಯನ್ನು ಗೊತ್ತುಮಾಡುವುದು ನರಸಮ್ಮನವರಿಗೆ ಸರಿದೋರಲಿಲ್ಲ. ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಬಲ್ಲವರಿಗೆ ಇದು ಪರಿಚಿತವಾದ ನಡತೆ. ಗಂಡನಾದ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ದಿನ, ಅಷ್ಟು ನಮಗೇಕೆ, ಬಂದಲ್ಲಿಗೇ ಸುರಿದು ಬಾ ಎಂದು ಆಕೆ ಹಿಂದಕ್ಕೆ ಕಳುಹಿಸಿದಳಷ್ಟೆ. ಕಲ್ಯಾಣದ ಲಕ್ಕಮ್ಮನ ಕಥೆಯನ್ನು ಕೃಷ್ಣಾಪುರದ ಈ ತಾಯಿಯು ಕೇಳಿದ್ದರೆಂದು ಹೇಳಲು ಆಧಾರವಿಲ್ಲ. ಕೇಳಬೇಕಾದ ಅಗತ್ಯವೂ ಇರಲಿಲ್ಲ.

ಶರಣಧರ್ಮದ ವಿಚಾರವನ್ನು ಈ ಸಂದರ್ಭದಲ್ಲಿ ಒಂದು ಕಡೆ ಎತ್ತದೆ ಬಿಡುವಂತಿಲ್ಲ. ಜನನ, ಜಾತಿ, ರಜಸ್ಸು, ಉಚ್ಛಿಷ್ಟ, ಪ್ರೇತ ಎಂಬ ಪಂಚಸೂತಕಗಳು ಲಿಂಗಾಂಗಿಗಳಿಗೆ ಇಲ್ಲವೆಂಬುದು ಈ ಸಮಯದ ಮೂಲತತ್ತ್ವಗಳಲ್ಲೊಂದು. ಗರ್ಭದಲ್ಲಿರುವ ಶಿಶುವಿಗಾಗಿ ಎಂಟನೆಯ ತಿಂಗಳಿನಲ್ಲಿ ತಾಯಿಗೆ ಲಿಂಗವನ್ನು ಕಟ್ಟುವ ಸಂಪ್ರದಾಯವೂ ಆ ತತ್ತ್ವದಿಂದಲೇ ಹೊರಟುದು; ಹುಟ್ಟುವ ಮುನ್ನವೇ ಶುಚಿಯಾದುದಕ್ಕೆ ಹುಟ್ಟಿನಿಂದ ಮೈಲಿಗೆ ಬರುವುದು ಹೇಗೆ? ಇಷ್ಟೆಲ್ಲ ಗ್ರಂಥಗಳಲ್ಲಿ ಒಪ್ಪಿದ ಬಳಿಕವೂ ಹೆರಿಗೆಯ ಕೋಣೆಯನ್ನು ಹಿತ್ತಿಲಿಗೆ ನೂಕಿದ, ಬಾಣಂತಿಯನ್ನು ಚಾಪೆಯ ಆಚೆಗೆ ಇರಿಸಿದ, ಕೂಸನ್ನು ಎತ್ತಿಕೊಟ್ಟ ಸೂಲಗಿತ್ತಿಯ ಕೈಗೆ ಅಂಗಳದಲ್ಲಿಯೇ ನೀರು ಸುರಿದು ಬೀಳ್ಕೊಟ್ಟ ಮನೆಗಳು ಲಿಂಗವಂತರಲ್ಲಿಯೂ ಕಡಿಮೆಯಿರಲಿಲ್ಲ. ಸೂತಕವಿಲ್ಲವೆಂಬುದನ್ನು ಚರ್ಚೆಯಲ್ಲಿ ಗೆದ್ದವರು ಪಂಡಿತರು. ನೆತ್ತರು, ನೀರು, ಮಾಸುಗಳ ನಡುವೆ ಮಂಡಿಯೂರಿ ಕುಳಿತು ಅದನ್ನು ಆಚರಿಸಿ ತೋರಿಸಿದವರು ಈ ಸೂಲಗಿತ್ತಿಯರು. ಯಾರ ಮನೆಯ ಕೂಸು, ಯಾವ ಕುಲದ ಕೂಸು ಎಂಬುದು ಆ ಕೈಗಳಿಗೆ ತಿಳಿಯುತ್ತಿರಲಿಲ್ಲ. ಶಿಶುವು ಜಾತಿಯ ಹೆಸರನ್ನು ಹೇಳುವುದಿಲ್ಲ, ಅಳುತ್ತದೆ ಅಷ್ಟೆ.

ಆದರೆ ಸ್ಮರಣೆಯು ಸತ್ಯವನ್ನು ಬಿಡಬಾರದು. ಸೂಲಗಿತ್ತಿಯರ ಕಾಲವೆಂದರೆ ಸುಖದ ಕಾಲವೆಂದು ಯಾರಾದರೂ ಭಾವಿಸಿದ್ದರೆ ಅದು ತಪ್ಪು. ನರಸಮ್ಮನವರು ಕೆಲಸವನ್ನು ತೊಡಗಿದ ದಶಕದಲ್ಲಿಯೇ, 1943ರಲ್ಲಿ ನೇಮಕವಾಗಿ 1946ರಲ್ಲಿ ವರದಿಯನ್ನು ಒಪ್ಪಿಸಿದ ಭೋರ್ ಸಮಿತಿಯು, ಬ್ರಿಟಿಷ್ ಇಂಡಿಯದಲ್ಲಿ ಸಾವಿರ ಜನನಗಳಿಗೆ ಸುಮಾರು 20 ತಾಯಂದಿರಂತೆ, ವರುಷಕ್ಕೆ ಹತ್ತಿರ ಹತ್ತಿರ 2 ಲಕ್ಷ ಸ್ತ್ರೀಯರು ಬಸಿರು ಬಾಣಂತನಗಳ ಕಾರಣದಿಂದ ಸಾಯುತ್ತಿದ್ದಾರೆಂದು ಲೆಕ್ಕ ಹಾಕಿತ್ತು. ನೆತ್ತರು ನಿಲ್ಲದೆ ಹೋದರೆ ಎಂತಹ ನುರಿತ ಸೂಲಗಿತ್ತಿಯ ಕೈಯಲ್ಲಿಯೂ ಉಪಾಯವಿರಲಿಲ್ಲ. ಕೂಸು ಅಡ್ಡಲಾಗಿದ್ದು ತಿರುಗದೆ ಹೋದರೆ ದೇವರ ಮೇಲೆ ಭಾರ. ಹೊಕ್ಕುಳಬಳ್ಳಿಯನ್ನು ಶುಚಿಯಲ್ಲದ ಕುಡುಗೋಲಿನಿಂದ ಕೊಯ್ದು ಸಗಣಿಯನ್ನೋ ಬೂದಿಯನ್ನೋ ಮೆತ್ತುವ ರೂಢಿಯು ಎಷ್ಟೋ ಸೀಮೆಗಳಲ್ಲಿತ್ತು. ಅದರಿಂದ ಏಳೆಂಟು ದಿನಗಳ ಕೂಸುಗಳು ಧನುರ್ವಾಯುವಿನಿಂದ ಬಿಲ್ಲಿನಂತೆ ಬಾಗಿ ಸತ್ತವು. ತಾಯಿಶಿಶುಗಳ ಧನುರ್ವಾಯುವು ಭಾರತದಿಂದ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ಒಪ್ಪಿದುದು 2015ರಲ್ಲಿ, ಅಂದರೆ ಮೊನ್ನೆ ಮೊನ್ನೆ.

ಆಸ್ಪತ್ರೆಗಳು ಬಂದುದರಿಂದ, ಲಸಿಕೆಗಳಿಂದ, ರಕ್ತದಾನದಿಂದ, 2005ರ ಜನನಿ ಸುರಕ್ಷಾ ಯೋಜನೆಯಂತಹ ಏರ್ಪಾಡುಗಳಿಂದ ಆದ ಉಪಕಾರವನ್ನು ಸಂಖ್ಯೆಗಳೇ ಹೇಳುತ್ತವೆ. 2016–18ರ ಗಣನೆಯಂತೆ ಒಂದು ಲಕ್ಷ ಜನನಗಳಿಗೆ ಮೃತರಾದ ತಾಯಂದಿರು ಭಾರತದಲ್ಲಿ 113, ಕರ್ನಾಟಕದಲ್ಲಿ 92. ಭೋರ್ ಸಮಿತಿಯ ಲೆಕ್ಕವನ್ನು ಇದೇ ಅಳತೆಗೆ ಇಳಿಸಿದರೆ ಅದು 2,000 ಆಗುತ್ತದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆಗುತ್ತಿದ್ದುವು. ಆದುದರಿಂದ ನರಸಮ್ಮನವರನ್ನು ಹೊಗಳುವ ನೆಪದಲ್ಲಿ ಹೆಣ್ಣುಮಕ್ಕಳನ್ನು ಆಸ್ಪತ್ರೆಯಿಂದ ಮನೆಗೆ ಹಿಂದಿರುಗಿಸುವ ಮಾತನ್ನು ಯಾರೂ ಆಡಕೂಡದು. ತನ್ನವೇ ನಾಲ್ಕು ಮಕ್ಕಳನ್ನು ಮಣ್ಣಿಗೆ ಕೊಟ್ಟ ತಾಯಿಯನ್ನು ಅಂತಹ ಮಾತಿಗೆ ಸಾಕ್ಷಿಯಾಗಿ ನಿಲ್ಲಿಸುವುದು ಅನ್ಯಾಯ.

ಹಾಗಾದರೆ ಅವರೊಂದಿಗೆ ಹೋದುದೇನು ಎಂಬ ಪ್ರಶ್ನೆಯು ಉಳಿಯುತ್ತದೆ. ಚರಕನು ಹೇಳಿದ ಗುಣಗಳಲ್ಲಿ ಕಾರ್ಯಕುಶಲತೆಯನ್ನು ಆಸ್ಪತ್ರೆಯು ನರಸಮ್ಮನವರಿಗಿಂತ ಮಿಗಿಲಾಗಿಯೇ ಒದಗಿಸಬಲ್ಲುದು. ಸೌಹಾರ್ದ, ಪ್ರಕೃತಿವಾತ್ಸಲ್ಯ, ಹೆರುವವಳ ಒಪ್ಪಿಗೆ, ಈ ಮೂರನ್ನು ಒದಗಿಸುವುದು ಅಷ್ಟು ಸುಲಭವಲ್ಲ. ಒಂದೇ ಕೋಣೆಯಲ್ಲಿ ಹಲವು ಮಂದಿ ನರಳುತ್ತಿರುವಾಗ, ಕೆಲವೇ ದಾದಿಯರು ಇಡಿಯ ಇರುಳು ಓಡಾಡಬೇಕಾದಾಗ, ಪಕ್ಕದಲ್ಲಿ ಕುಳಿತು ಬೆನ್ನು ನೀವುವ ಒಂದು ಕೈ ಸಿಕ್ಕುವುದಿಲ್ಲ. ಬೈಗುಳವನ್ನು ಕೇಳಿಸಿಕೊಂಡೇ ಹೆತ್ತು ಬಂದೆವೆನ್ನುವ ಹೆಣ್ಣುಮಕ್ಕಳು ಇಲ್ಲಿಯೇ ಈ ಸಭೆಯಲ್ಲಿಯೇ ಇರಬಹುದು. ಚೊಚ್ಚಲು ಬಸಿರಿಯು ತೌರಿಗೆ ಬರುವುದೇಕೆ? ಅಲ್ಲಿ ವೈದ್ಯರು ಹೆಚ್ಚಾಗಿದ್ದಾರೆಂದಲ್ಲ. ತಾಯಿಯೋ ಅಜ್ಜಿಯೋ ಆ ಹೊತ್ತಿನಲ್ಲಿ ಬಳಿಯಿರಲೆಂದು. ನರಸಮ್ಮನವರು ತೌರು ದೂರವಿದ್ದವರಿಗೂ, ತೌರೇ ಇಲ್ಲದವರಿಗೂ ಆ ಅಜ್ಜಿಯಾಗಿ ಹೋದರು. ಪಕ್ಕದಲ್ಲೊಬ್ಬಳು ತನ್ನವಳಿದ್ದರೆ ಹೆರಿಗೆಯು ಹಗುರವಾಗುತ್ತದೆಂಬುದನ್ನು ವೈದ್ಯಶಾಸ್ತ್ರವು ಪರೀಕ್ಷೆಗಳಿಂದ ಈಗ ಒಪ್ಪಿಕೊಂಡಿದೆ. 2016ರಲ್ಲಿ ಭಾರತ ಸರ್ಕಾರವು ತನ್ನ ಆಸ್ಪತ್ರೆಗಳ ಹೆರಿಗೆಯ ಕೋಣೆಗಳಲ್ಲಿ ಬಸಿರಿಯ ಕಡೆಯ ಒಬ್ಬ ಸ್ತ್ರೀಯು ಜೊತೆಗಿರಲು ಅವಕಾಶ ಕೊಡಬೇಕೆಂದು ವಿಧಿಸಿತು. ಆ ವಿಧಿಯು ಎಲ್ಲೆಡೆಯೂ ಸಮನಾಗಿ ನಡೆಯುತ್ತದೆಂದು ಹೇಳುವಂತಿಲ್ಲ.

ಮನ್ನಣೆಗಳ ಮಾತನ್ನು ಬೇಗನೆ ಮುಗಿಸಬಹುದು. ಎಂಬತ್ತು ತೊಂಬತ್ತು ವರುಷಗಳವರೆಗೆ ಪಾವಗಡದ ಸೀಮೆಗೆ ಮಾತ್ರ ತಿಳಿದಿದ್ದ ಹೆಸರು ಕಡೆಯ ದಶಕದಲ್ಲಿ ದೊಡ್ಡ ಊರುಗಳಿಗೂ ತಿಳಿಯಿತು. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ಪದವಿಯನ್ನು ಕೊಟ್ಟಿತು. ಅಕ್ಷರವರಿಯದ ಕೈಗೆ ವಿದ್ಯಾಪೀಠದ ಪದವಿ! ಅದರಿಂದ ಗೌರವ ಹೆಚ್ಚಾದುದು ಕೈಗಲ್ಲ, ಪೀಠಕ್ಕೆ ಎನ್ನುವವರು ಅಂದು ಇದ್ದರು. ಅವರ ಮಾತು ಅನುಚಿತವೆನಿಸದು. 2018ರಲ್ಲಿ ಪದ್ಮಶ್ರೀ ಬಂದಿತು. ಆ ವರುಷದ ಪಟ್ಟಿಯಲ್ಲಿಯೇ ವಿಜಯಪುರದ ಜ್ಞಾನಯೋಗಾಶ್ರಮದ ಶ್ರೀ ಸಿದ್ಧೇಶ್ವರ ಸ್ವಾಮಿಗಳವರ ಹೆಸರೂ ಇದ್ದು, ಸಂನ್ಯಾಸಿಗೆ ಪ್ರಶಸ್ತಿಯೇಕೆಂದು ಅವರು ಅದನ್ನು ವಿನಯದಿಂದ ಒಲ್ಲೆನೆಂದುದು ಎಲ್ಲರಿಗೂ ನೆನಪಿರಬಹುದು. ಒಬ್ಬರು ಒಲ್ಲೆನೆಂದುದೂ ಸರಿ, ಇನ್ನೊಬ್ಬರು ಕೈಯೊಡ್ಡಿ ತೆಗೆದುಕೊಂಡುದೂ ಸರಿ. ಸ್ವಾಮಿಗಳು ತಮ್ಮೊಬ್ಬರ ಪರವಾಗಿ ಬೇಡವೆಂದರು. ನರಸಮ್ಮನವರ ಹಿಂದೆ ಅವರ ಅಜ್ಜಿಯೂ, ಆ ಅಜ್ಜಿಗೆ ಕಲಿಸಿದವಳೂ, ಹೆಸರಿಲ್ಲದೆ ಮಣ್ಣಾದ ಊರೂರಿನ ಸೂಲಗಿತ್ತಿಯರೂ ನಿಂತಿದ್ದರು. ಅವರೆಲ್ಲರ ಪರವಾಗಿ ಬೇಡವೆನ್ನುವ ಅಧಿಕಾರವು ಆಕೆಗೊಬ್ಬಳಿಗೆ ಇರಲಿಲ್ಲ.

ಆ ವರುಷದ ನವೆಂಬರದಲ್ಲಿ ಅವರ ಶ್ವಾಸಕೋಶಗಳು ಕೆಟ್ಟುವು. ತುಮಕೂರಿನಲ್ಲಿ ಮೊದಲು, ಅನಂತರ ಬೆಂಗಳೂರಿನಲ್ಲಿ ಚಿಕಿತ್ಸೆ ನಡೆಯಿತು. ಅಷ್ಟು ಸಾವಿರ ಕೂಸುಗಳ ಮೊದಲನೆಯ ಉಸಿರಿಗಾಗಿ ಕಿವಿಗೊಟ್ಟು ಕಾದವರು ಕಡೆಗೆ ತಮ್ಮ ಉಸಿರನ್ನು ಯಂತ್ರದ ನೆರವಿನಿಂದ ಎಳೆಯಬೇಕಾಯಿತು. ತಿಂಗಳೊಪ್ಪತ್ತು ಹೀಗೆ ಕಳೆದು, ಡಿಸೆಂಬರ್ 25ರಂದು ತೀರಿಕೊಂಡರು.

ಅದೇ ಡಿಸೆಂಬರದಲ್ಲಿ, ಅವರು ಹಾಸಿಗೆಯಲ್ಲಿದ್ದಾಗ, ದಿಲ್ಲಿಯಲ್ಲಿ ಕೇಂದ್ರ ಸರ್ಕಾರವು ಸೂತಿಕಾಸೇವೆಯ ವಿಷಯವಾದ ಹೊಸ ಮಾರ್ಗಸೂಚಿಯನ್ನು ಪ್ರಕಟಿಸಿತು. ಶುಶ್ರೂಷೆಯ ಶಿಕ್ಷಣವನ್ನು ಮುಗಿಸಿದ ದಾದಿಯರಿಗೆ ಹದಿನೆಂಟು ತಿಂಗಳ ಬೇರೆ ತರಬೇತಿಯನ್ನು ಕೊಟ್ಟು, ತೊಡಕಿಲ್ಲದ ಹೆರಿಗೆಗಳನ್ನು ಅವರ ವಶಕ್ಕೆ ಒಪ್ಪಿಸಬೇಕು. ಹೆರುವವಳನ್ನು ಆದರದಿಂದ ಕಾಣುವುದು ಆ ತರಬೇತಿಯ ಭಾಗವಾಗಿರಬೇಕು ಎಂಬುದು ಅದರ ತಿರುಳು. ಇನ್ನು ಮುಂದೆ ಆ ಕೆಲಸಕ್ಕೆ ಬರತಕ್ಕ ಹೆಣ್ಣುಮಕ್ಕಳು ಅಕ್ಷರ ಬಲ್ಲವರು, ಶುಚಿಯಾದ ಕೈಚೀಲ ತೊಟ್ಟವರು, ರಕ್ತದೊತ್ತಡವನ್ನು ಅಳೆಯಬಲ್ಲವರು. ಶ್ರೀಮಠದ ವಿದ್ಯಾರ್ಥಿನಿಲಯಗಳಲ್ಲಿ ಓದಿ ದಾದಿಯರಾಗಿ ಹೊರಟ ಬಡಮನೆಯ ಮಕ್ಕಳಲ್ಲಿ ಯಾರಾದರೂ ಆ ತರಬೇತಿಗೆ ಸೇರುವುದಾದರೆ, ಅಂಥವಳಿಗೆ ಪಾವಗಡದ ಕಡೆಗೆ ಒಮ್ಮೆ ಹೋಗಿಬರುವಂತೆ ಹಿರಿಯರು ಹೇಳಬೇಕು. ನರಸಮ್ಮನವರ ಕೈಯಲ್ಲಿ ಹೆತ್ತ ತಾಯಂದಿರು ಆ ಸೀಮೆಯಲ್ಲಿ ಇನ್ನೂ ಬಹಳ ಮಂದಿ ಇದ್ದಾರೆ. ಆ ಮುದುಕಿಯರ ಪಕ್ಕದಲ್ಲಿ ಕುಳಿತು, ಆ ಹೊತ್ತಿನಲ್ಲಿ ಅಜ್ಜಿಯು ಏನು ಹೇಳಿದಳು, ಕೈಯನ್ನು ಎಲ್ಲಿಟ್ಟಳು ಎಂದು ಕೇಳಿದರೆ ಅವರು ಹೇಳುತ್ತಾರೆ.